ಅಪ್ಪ ಡ್ಯಾಶ್‌ಬೋರ್ಡ್ ಬಿಚ್ಚಿದ ವಾರ

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಮರಳುತ್ತಿದ್ದ ಒಂದು ಸಂಜೆ, ದಾರಿಯಲ್ಲಿನ ಕುಂಭಾರಿ ಎಂಬ ಊರು ಇನ್ನೂ ಸ್ವಲ್ಪ ದೂರವಿರುವಾಗ, ನಮ್ಮ ಕಾರಿನ ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಬಂತು. ಮೊದಲು ಬಂದದ್ದು ವಾಸನೆ, ರಬ್ಬರು ಸುಟ್ಟಂಥ ವಾಸನೆ. ಹಿಂದಿನ ಸೀಟಿನಲ್ಲಿದ್ದ ನಾನು, ಹೊಲದಲ್ಲಿ ಯಾರೋ ಕಸ ಸುಡುತ್ತಿರಬೇಕು ಎಂದುಕೊಂಡೆ. ಆಮೇಲೆ ಸ್ಪೀಡೋಮೀಟರಿನ ಸುತ್ತಲಿನ ಸಂದಿಯಿಂದ ತೆಳ್ಳನೆಯ ಬಿಳಿ ಎಳೆಯೊಂದು ಮೇಲೆದ್ದು ಮುಂದಿನ ಗಾಜಿನ ಮೇಲೆ ಹರಡಿತು.

"ಹೊಗಿ ಬರಾಕತ್ತೈತಿ! ನಿಲ್ಲಸ್ರಿ, ನಿಲ್ಲಸ್ರಿ!" ಎಂದು ಅಪ್ಪನ ಪಕ್ಕದಲ್ಲಿ ಕೂತಿದ್ದ ಅವ್ವ ಕೂಗಿದಳು.

ಅಪ್ಪ ಕಾರನ್ನು ರಸ್ತೆಯ ಬದಿಗಿಳಿಸಿ, ಬಾನೆಟ್ ಎತ್ತಿ, ಬ್ಯಾಟರಿಯ ತಂತಿಯನ್ನು ಬರಿಗೈಯಲ್ಲೇ ಕಿತ್ತರು. ಹೊಗೆ ನಿಂತಿತು. ದೀಪಗಳ ವಾಯರನ್ನು ಬೇರೆ ಮಾಡಿ ಬ್ಯಾಟರಿಯನ್ನು ಮತ್ತೆ ಜೋಡಿಸಿದಾಗ ಇಂಜಿನ್ನೇನೋ ಚಾಲೂ ಆಯಿತು, ಆದರೆ ದೀಪವಿಲ್ಲ. ಹೊತ್ತು ಮುಳುಗಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಸರಕಾರಿ ಎಸ್.ಟಿ. ಬಸ್ಸು ಬಂದು ನಮ್ಮನ್ನು ದಾಟಿತು. ಅಪ್ಪ ಅದರ ಬೆನ್ನು ಹಿಡಿದರು. ಊರು ಮುಟ್ಟುವವರೆಗೆ ಆ ಬಸ್ಸಿನ ಹಿಂಬದಿಯ ಕೆಂಪು ದೀಪಕ್ಕೆ ಅಂಟಿಕೊಂಡಂತೆ ಬಂದೆವು. ಅವ್ವ ಬಾಯಿ ಮುಚ್ಚಲಿಲ್ಲ. "ಬಸ್ಸ್ ಸಾವಕಾಶ ಆತು ನೋಡ್ರಿ. ಎಡಕ್ಕ ಎತ್ತಿನ ಗಾಡಿ ಐತಿ. ನಿಂತಿತು, ನಿಂತಿತು, ಬ್ರೇಕ್ ಹಾಕ್ರಿ." ಅವಳು ಮೊದಲಿನಿಂದಲೂ ಹೆದರುಗುಳಿ, ಕಾರಿನಲ್ಲಿ ಕೂತರೆ ಹೀಗೇ ಎಂದು ನಾನು ಮನಸ್ಸಿನಲ್ಲೇ ಬೇಸರಪಟ್ಟುಕೊಂಡೆ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅಪ್ಪನದು ನೂಲಿನ ವ್ಯಾಪಾರ. ಚಾದರ, ಟಾವೆಲ್ ನೇಯುವವರಿಗೆ ಬಣ್ಣ ಹಾಕಿದ ನೂಲು ಮಾರುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ಹಿಂದೆ ಅಂಗಳ, ಅಂಗಳದಲ್ಲಿ ಬೇವಿನ ಮರದ ಕೆಳಗೆ ಆ ಕಾರು. ಗಿರಣಿಯೊಂದರ ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ಕಪ್ಪು ವಿಲಾಯತಿ ಕಾರು. ಅದರ ಡ್ಯಾಶ್‌ಬೋರ್ಡ್ ಮರದ್ದು. ಅಪ್ಪ ಭಾನುವಾರಕ್ಕೊಮ್ಮೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದರು. ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯಂಥ ಪಟ್ಟಿಯೊಂದು ಹೊರಗೆ ಚಾಚುತ್ತಿತ್ತು, ಅದರೊಳಗೆ ಹಳದಿ ದೀಪ. ನಮ್ಮ ಓಣಿಯ ಮಕ್ಕಳಿಗೆ ಅದನ್ನು ನೋಡುವುದೇ ಸಂಭ್ರಮ.

ನನ್ನ ಅಕ್ಕನನ್ನು ಅಕ್ಕಲಕೋಟೆಯ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಅವಳ ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿಸಿಕೊಂಡೇ ನಾವು ಆ ಸಂಜೆ ಮರಳುತ್ತಿದ್ದದ್ದು. ಮುಂದಿನ ಗುರುವಾರ ದಿನ ಚೆನ್ನಾಗಿದೆ, ಅಂದು ಬಂದು ಹೆರಿಗೆಗೆ ಕರೆದುಕೊಂಡು ಹೋಗಿರಿ ಎಂದು ಬೀಗರು ಹೇಳಿ ಕಳಿಸಿದ್ದರು. ಬಸ್ಸಿನ ಕುಲುಕಾಟಕ್ಕೆ ಅವಳನ್ನು ಒಡ್ಡುವುದು ಬೇಡ, ಕಾರೇ ತರುತ್ತೇನೆ ಎಂದು ಅಪ್ಪ ಮಾತು ಕೊಟ್ಟಾಗಿತ್ತು. ಹಾಗಾಗಿ ಹೊಗೆ ಬಂದ ಮರುದಿನ ಬೆಳಿಗ್ಗೆಯೇ ಅವರು ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಅಂಗಳಕ್ಕೆ ಬಂದರು. ಆ ಕಾರಿಗೆ ಬೇರೆಯವರು ಕೈ ಹಾಕುವುದು ಅವರಿಗೆ ಸೇರುತ್ತಿರಲಿಲ್ಲ.

"ಎಲ್ಲಾ ಸ್ವಿಚ್ಚು ಹೊರಗ ತಗೀಬೇಕು. ಹಿಂದಿನ ವಾಯರ್ ಎಲ್ಲಾ ಹಳೀವಾಗ್ಯಾವ. ಕೇಬಲ್ಲೂ ಬಿಚ್ಚಿ ಎಣ್ಣಿ ಹಾಕೋಣು. ನಿನ್ನ ಬೆರಳು ಸಣ್ಣ ಅದಾವ, ಬಾ ಯವ್ವಾ," ಎಂದು ನನ್ನನ್ನು ಕರೆದರು.

ಮುಂದಿನ ಸೀಟು ತೆಗೆದು, ಕೆಳಗೆ ಗೋಣಿಚೀಲ ಹಾಸಿ, ನಾನು ಅಂಗಾತ ಮಲಗಿ ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದೆ. ಮೇಲೆ ನೋಡಿದರೆ ವಾಯರುಗಳ ಪೊದೆ. ಒಂದು ಕಾಲಕ್ಕೆ ಅವುಗಳ ಮೇಲಿನ ಬಟ್ಟೆಯ ಹೊದಿಕೆಗೆ ಬಣ್ಣವಿದ್ದಿರಬೇಕು, ಈಗ ಎಲ್ಲವೂ ಮಣ್ಣಿನ ಬಣ್ಣ. ಮುಟ್ಟಿದರೆ ರಬ್ಬರು ಪುಡಿಪುಡಿಯಾಗಿ ಕಣ್ಣಿಗೆ ಬೀಳುತ್ತಿತ್ತು. ಅಪ್ಪ ಬಾಗಿಲ ಬಳಿ ಮಣೆಯ ಮೇಲೆ ಕೂತು ಮುಂದಿನ ಕಡೆಯಿಂದ ಕೆಲಸ ಮಾಡುತ್ತಿದ್ದರು. ಪ್ರತಿ ಗುಂಡಿಯ ಕೆಳಗೂ ಸೂಜಿ ಹೋಗುವಷ್ಟು ಸಣ್ಣ ತೂತು. ಅದರಲ್ಲಿ ಅವ್ವನ ಹೆಣಿಗೆಯ ಕಡ್ಡಿ ಒತ್ತಿದರೆ ಗುಂಡಿ ಕಳಚಿ ಕೈಗೆ ಬರುತ್ತಿತ್ತು. ಆಮೇಲೆ ಸ್ವಿಚ್ಚನ್ನು ಹಿಡಿದಿದ್ದ ಹಿತ್ತಾಳೆಯ ಬಳೆಯನ್ನು ಅವರು ತಿರುಗಿಸಿ ಬಿಚ್ಚುತ್ತಿದ್ದರು. ಸ್ವಿಚ್ಚು ಹಿಂದಕ್ಕೆ ಸರಿದು ಬಾಲದಂಥ ವಾಯರುಗಳ ಸಮೇತ ನನ್ನ ಅಂಗೈಗೆ ಬೀಳುತ್ತಿತ್ತು.

ಯಾವ ವಾಯರು ಎಲ್ಲಿಯದು ಎಂದು ಮರೆಯದಿರಲು ಅಪ್ಪನೇ ಒಂದು ಉಪಾಯ ಹೇಳಿದರು. ಅಂಗಡಿಯಿಂದ ಬಣ್ಣಬಣ್ಣದ ನೂಲಿನ ತುಂಡುಗಳನ್ನು ತಂದು ಮಡಿಲಲ್ಲಿ ಇಟ್ಟುಕೊಂಡರು. ಸ್ವಿಚ್ಚಿನ ಒಂದೊಂದು ತಿರುಪಿಗೂ ಅದರಿಂದ ಬಿಚ್ಚಿದ ವಾಯರಿಗೂ ಒಂದೇ ಬಣ್ಣದ ನೂಲು ಕಟ್ಟಬೇಕು. ಕೆಂಪಿನ ಜೋಡಿ, ಹಸಿರಿನ ಜೋಡಿ, ಹೀಗೆ. ಹೊಸ ವಾಯರು ಹಾಕುವಾಗ ಬಣ್ಣ ನೋಡಿ ಕೂಡಿಸಿದರಾಯಿತು.

"ಇದು ನೀಲಿ, ದೀಪದ ಸ್ವಿಚ್ಚಿಗೆ," ಎಂದು ಅಪ್ಪ ಎರಡು ತುಂಡು ಕೊಟ್ಟರು. ನನ್ನ ಕೈಗೆ ಬಂದದ್ದು ಒಂದು ನೀಲಿ, ಇನ್ನೊಂದು ಬದನೇಕಾಯಿ ಬಣ್ಣದ್ದು. ಮಡಿಲಲ್ಲಿ ಕಲಸಿಹೋಗಿರಬೇಕು ಎಂದುಕೊಂಡು ಸುಮ್ಮನೆ ಕಟ್ಟಿದೆ.

"ಇದು ಬಿಳೀದು." ಬಂದ ಎರಡರಲ್ಲಿ ಒಂದು ತಿಳಿಹಳದಿ.

"ಇದು ಕರೇದು. ಬರೋಬರ್ ಗಟ್ಟಿ ಕಟ್ಟು." ಬಂದದ್ದು ಕಡುನೀಲಿ.

ನಾನು ನಗುತ್ತಾ ತಲೆ ಹೊರಗೆ ಹಾಕಿದೆ, ಚೇಷ್ಟೆ ಮಾಡುತ್ತಿದ್ದಾರೆ ಎಂದು. ಅಪ್ಪ ನನ್ನನ್ನು ನೋಡಲಿಲ್ಲ. ಅವರು ಒಂದು ನೂಲಿನ ತುಂಡನ್ನು ಮೂಗಿನ ಹತ್ತಿರ ತಂದು, ಬಿಸಿಲಿಗೆ ಹಿಡಿದು, ಮತ್ತೆ ದೂರ ಒಯ್ದು, ಕೊನೆಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ನೋಡುತ್ತಿದ್ದರು.

"ಅಪ್ಪಾ, ಈ ಕೈಯಾಗಿಂದು ಯಾವ ಬಣ್ಣರಿ?" ಎಂದು ಆ ಕಡುನೀಲಿಯನ್ನೇ ಎತ್ತಿ ತೋರಿಸಿದೆ.

"ಕರೇದು ಅಲ್ಲೇನ? ಯಾಕ?" ಅಂಗಡಿಯಲ್ಲಿ ಮಾತಾಡುವಾಗಿನ ಅದೇ ಗಟ್ಟಿ ದನಿ. ಒಂದಿಷ್ಟೂ ಅನುಮಾನವಿರಲಿಲ್ಲ.

"ಏನಿಲ್ಲರಿ," ಎಂದೆ. ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ಹೋದೆ. ಆ ಕತ್ತಲಲ್ಲಿ ಮಲಗಿ, ಹಿಂದಿನ ದಿನ ಅಪ್ಪ ಆ ಬಸ್ಸಿನ ಕೆಂಪು ದೀಪಕ್ಕೆ ಅಷ್ಟು ಹತ್ತಿರ ಹೋದದ್ದು ಯಾಕೆ ಎಂದು ನನಗೆ ಅರ್ಥವಾಯಿತು. ಒಂದೊಂದೇ ನೆನಪಾಯಿತು. ಕಾರಿನ ಎಡಗಡೆಯ ಮಡ್‌ಗಾರ್ಡು ನಮ್ಮದೇ ಗೇಟಿನ ಕಂಬಕ್ಕೆ ಎರಡು ಸಲ ತರಚಿತ್ತು. ಅಂಗಡಿಯಲ್ಲಿ ಗಿರಾಕಿ ಬಂದರೆ ಇತ್ತೀಚೆಗೆ ಅಪ್ಪ ತಾವಾಗಿ ನೂಲು ತೆಗೆದು ಕೊಡುತ್ತಿರಲಿಲ್ಲ. "ನಿಮಗ ಬೇಕಾಗಿದ್ದು ನೀವ ತಗೊಂಡು ತೋರಸ್ರಿ" ಎನ್ನುತ್ತಿದ್ದರು. ವಯಸ್ಸಾಯಿತು, ಏಳಲು ಬೇಸರ ಎಂದು ನಾವು ತಿಳಿದಿದ್ದೆವು.

ಮಧ್ಯಾಹ್ನ ಕೇಬಲ್ಲುಗಳ ಕೆಲಸ. ತಣ್ಣಗಿನ ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಹೋಗುವಂತೆ ಮಾಡುವ ಚೋಕಿನ ಕೇಬಲ್ಲನ್ನು ಇಂಜಿನ್ನಿನ ಕಡೆ ಒಂದು ಸಣ್ಣ ತಿರುಪು ಹಿಡಿದಿರುತ್ತದೆ. ಅದನ್ನು ಸಡಿಲಿಸಿ ಇತ್ತ ಗುಂಡಿ ಹಿಡಿದೆಳೆದರೆ ಒಳಗಿನ ಉಕ್ಕಿನ ತಂತಿ ಹಾವಿನಂತೆ ಹೊರಗೆ ಬರುತ್ತದೆ. ಅರ್ಧ ಬಂದು ಸಿಕ್ಕಿಕೊಂಡಿತು. ತುಕ್ಕು ಹಿಡಿದಿತ್ತು. ಅಪ್ಪ ಕೈಗೆ ಸುತ್ತಿಕೊಂಡು ಜಗ್ಗಿದರು. ತಂತಿಯ ಸೀಳಿದ ಎಳೆಯೊಂದು ಮುಳ್ಳಿನಂತೆ ಎದ್ದು ನಿಂತದ್ದು ನನಗೆ ಕಾಣುತ್ತಿತ್ತು. "ಅಪ್ಪಾ, ಕೈ!" ಎನ್ನುವುದರೊಳಗೆ ಅದು ಅವರ ಹೆಬ್ಬೆರಳಿಗೆ ಇಳಿದಿತ್ತು. ರಕ್ತ ಹರಿಯಿತು. ಅವರು ಪಂಚೆಯ ತುದಿಯಿಂದ ಒತ್ತಿಕೊಂಡು, "ಹಳೇ ತಂತಿ, ಹಿಂಗ ಕಡೀತೈತಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಅವರು ಅಂಗಡಿಯಲ್ಲಿದ್ದಾಗ ನಾನೊಬ್ಬಳೇ ಕಾರಿನೊಳಗೆ ತೂರಿ, ಕಟ್ಟಿದ ನೂಲನ್ನೆಲ್ಲ ಪರೀಕ್ಷಿಸಿದೆ. ನೀಲಿಗೆ ನೀಲಿ ಇರಬೇಕಾದಲ್ಲಿ ಬದನೇಕಾಯಿ ಬಣ್ಣ, ಬಿಳಿಗೆ ಹಳದಿ. ಹಾಗೇ ಬಿಟ್ಟಿದ್ದರೆ ದೀಪದ ವಾಯರು ಹಾರನ್ನಿಗೆ, ಹಾರನ್ನಿನದು ಇನ್ನೆಲ್ಲಿಗೋ ಹೋಗುತ್ತಿತ್ತು. ಮತ್ತೆ ಹೊಗೆ, ಈ ಸಲ ಹಿಂದಿನ ಸೀಟಿನಲ್ಲಿ ಅಕ್ಕ. ಸರಿಯಾದ ಜಾಗ ನೆನಪಿರುವಾಗಲೇ ಎಲ್ಲವನ್ನೂ ಬಿಚ್ಚಿ ಕಟ್ಟಿದೆ. ಒಂದೊಂದನ್ನೂ ಮತ್ತೆ ಮತ್ತೆ ಎಳೆದು ನೋಡಿದೆ. ಅಷ್ಟಾದರೂ ನೆಮ್ಮದಿಯಾಗಲಿಲ್ಲ. ವಾಯರುಗಳನ್ನು ಸರಿಪಡಿಸಬಹುದು, ಗುರುವಾರ ಸ್ಟೀರಿಂಗ್ ಹಿಡಿಯುವವರು ಅಪ್ಪನೇ ಅಲ್ಲವೇ?

ಅಡುಗೆಮನೆಗೆ ಹೋದೆ. ಅವ್ವ ಜೋಳದ ಭಕ್ರಿ ತಟ್ಟುತ್ತಿದ್ದಳು.

"ಅವ್ವಾ, ಅಪ್ಪಗ ಕಣ್ಣು ಕಾಣವಲ್ಲವು."

ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ. "ಸಾವಕಾಶ ಮಾತಾಡು. ನನಗ ಗೊತ್ತಿಲ್ಲೇನು? ಹೋದ ದೀಪಾವಳಿಕಿಂತ ಮೊದಲ ಗೊತ್ತೈತಿ."

"ಗೊತ್ತಿದ್ದೂ ಸುಮ್ಮ ಕುಂತೀಯೇನು?"

"ಎಲ್ಲಿ ಸುಮ್ಮ ಕುಂತೀನಿ? ಗಾಡ್ಯಾಗ ಕುಂತ್ರ ನನ್ನ ಬಾಯಿ ಎಂದರ ಮುಚ್ಚಿದ್ದು ನೋಡೀಯೇನು? ಎತ್ತಿನ ಗಾಡಿ ಬಂತು, ಬಸ್ಸ್ ಬಂತು, ಮಂದಿ ಬಂದ್ರು ಅಂತ ಯಾರಿಗೆ ಹೇಳ್ತೀನಿ ಅಂದ್ಕೊಂಡಿ?"

ನಾನು ಗೋಡೆಗೆ ಆತುಕೊಂಡು ನಿಂತೆ. ಇಷ್ಟು ದಿನ ಅವಳನ್ನು ಹೆದರುಗುಳಿ ಎಂದುಕೊಂಡಿದ್ದೆ. ಆ ರಸ್ತೆಯಲ್ಲಿ ನಮ್ಮನ್ನು ಕರೆತರುತ್ತಿದ್ದದ್ದು ಅರ್ಧ ಅಪ್ಪನ ಕೈ, ಅರ್ಧ ಅವ್ವನ ಬಾಯಿ.

"ನಿನಗ ಗೊತ್ತಿದ್ದದ್ದು ಅಪ್ಪಗ ಗೊತ್ತೈತೇನು?"

"ಅವರೂ ಹೇಳಿಲ್ಲ, ನಾನೂ ಕೇಳಿಲ್ಲ. ಹೇಳಿದ ಕೂಡಲೇ ಬ್ರೇಕ್ ಹಾಕ್ತಾರ, ಅಷ್ಟ." ತಟ್ಟಿದ್ದನ್ನು ಹೆಂಚಿಗೆ ಹಾಕಿ, "ಗುರುವಾರಾನೂ ನಾ ಬಾಜೂಕ ಇರ್ತೀನಲ್ಲ, ಕಾಳಜಿ ಮಾಡಬ್ಯಾಡ," ಎಂದಳು.

"ಅಕ್ಕ ಇರ್ತಾಳ ಅವ್ವಾ. ಆ ಹೊಟ್ಟಿ ಹೊತ್ಕೊಂಡು."

ಅವಳ ಕೈ ಆಗ ನಿಂತಿತು. ಹೆಂಚಿನ ಮೇಲಿನ ಭಕ್ರಿ ಕರಕಾಯಿತು. ಆಮೇಲೆ, "ನನ್ನ ಬಾಯಿಂದ ಆಗೂದಿಲ್ಲ. ಹೇಳೂದಿದ್ರ ನೀನ ಹೇಳು," ಎಂದಳು.

ಆದರೆ ಹೇಳುವುದು ಹೇಗೆ? ದಿನಗಳು ಕಳೆಯುತ್ತ ಹೋದವು. ಹೊಸ ವಾಯರುಗಳು ಬಂದವು, ಒಂದೊಂದೇ ಸ್ವಿಚ್ಚು ತನ್ನ ಜಾಗಕ್ಕೆ ಮರಳಿತು. ಹೊಸ ಕೇಬಲ್ಲಿಗೆ ಗ್ರೀಸು ಹಚ್ಚಿ ತೂರಿಸಿದೆವು. ದೀಪ ಹತ್ತಿತು, ಹಾರನ್ ಕೂಗಿತು, ಪುಟ್ಟ ಕೈ ಹೊರಗೆ ಚಾಚಿತು. ಅಪ್ಪ ಖುಷಿಯಲ್ಲಿದ್ದರು. ಅವರ ಖುಷಿ ಹೆಚ್ಚಾದಷ್ಟೂ ಆ ಮಾತು ಎತ್ತುವುದು ನನಗೆ ಕಷ್ಟವಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಈ ಕಾರು ಸರಿಯಾಗದಿದ್ದರೇ ಚೆನ್ನಾಗಿತ್ತು ಎಂದು ಕೂಡ ಅನ್ನಿಸಿತು.

ಬುಧವಾರ ಬೆಳಿಗ್ಗೆ ಉಳಿದದ್ದು ಗುಂಡಿಗಳನ್ನು ಕೂಡಿಸುವುದೊಂದೇ. ಅಪ್ಪ ಒಂದೊಂದನ್ನೂ ಬೆರಳಿಂದ ತಡವಿ, ಇದು ಚೋಕು, ಇದು ವೈಪರು ಎಂದು ಗುರುತು ಹಿಡಿದು ಕೂಡಿಸುತ್ತಿದ್ದರು. ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ. ಅವರ ಮುಖ ನೋಡದೆ, ನೇರ ಮುಂದಿನ ಗಾಜನ್ನು ನೋಡುತ್ತ ಹೇಳಿದೆ.

"ಅಪ್ಪಾ, ಆವತ್ತು ನೀವು ಕರೇದು ಅಂತ ಕೊಟ್ಟಿದ್ದು ಕರೇದಿರಲಿಲ್ಲರಿ. ನೀಲಿ ಇತ್ತು. ಬಿಳೀದು ಅಂದದ್ದು ಹಳದಿ ಇತ್ತು. ನಾ ಎಲ್ಲಾ ಬಿಚ್ಚಿ ಮತ್ತ ಕಟ್ಟೀನಿ."

ಅವರ ಕೈ ಗುಂಡಿಯ ಮೇಲೆಯೇ ಉಳಿಯಿತು. "ಯಾರು ಹೇಳಿಕೊಟ್ರು ನಿನಗ ಇದು? ನಿಮ್ಮವ್ವನೇನು?"

"ಯಾರೂ ಇಲ್ಲರಿ. ನಾನ ನೋಡಿದೆ."

"ಮೂವತ್ತ ವರ್ಷ ನೂಲ ಮಾರೀನಿ. ನನಗ ಬಣ್ಣ ಕಲಸ್ತೀಯೇನು?" ಅಂಗಡಿಯವರೆಗೂ ಕೇಳುವಂತೆ ಗದರಿದರು. ಬಾಗಿಲು ತೆಗೆದು ಇಳಿದು ಬೇವಿನ ಮರದ ತನಕ ಹೋದರು. ನಾನು ಅಳಬಾರದೆಂದು ಹಲ್ಲು ಕಚ್ಚಿ ಕೂತೆ. ಮುಗಿಯಿತು, ಇನ್ನು ಹಟಕ್ಕೆ ಬಿದ್ದು ತಾವೇ ನಡೆಸುತ್ತಾರೆ ಎಂದುಕೊಂಡೆ. ಬಹಳ ಹೊತ್ತಿನ ಮೇಲೆ ಅವರು ತಿರುಗಿ ಬಂದು ಕಾರಿನ ಬಾಗಿಲ ಅಂಚಿನ ಮೇಲೆ, ನನಗೆ ಬೆನ್ನು ಮಾಡಿ ಕೂತರು.

"ನಮ್ಮ ಸೋದರತ್ತಿಗೆ ಕಣ್ಣಾಗ ಪೊರಿ ಬಂದು ಮೋತಿಬಿಂದು ಆಗಿತ್ತು," ಎಂದರು. "ಆಪರೇಶನ್ ಮಾಡಿಸಿದ್ವಿ. ಕೀವ ಆಗಿ ಇದ್ದ ಬೆಳಕೂ ಹೋತು. ಆಮ್ಯಾಲ ಆಕಿ ಇದ್ದಷ್ಟು ದಿನ ಗ್ವಾಡಿ ಹಿಡಕೊಂಡ ಅಡ್ಡಾಡಿದಳು. ನಾ ಅದನ್ನ ನೋಡೀನಿ." ಅಂಗಡಿಯ ಕಡೆ ಮುಖ ತಿರುಗಿಸಿ ಮತ್ತೆ ಹೇಳಿದರು. "ಮತ್ತ, ಬಣ್ಣ ಕಾಣಲಾರದಂವನ ಅಂಗಡಿಗೆ ಯಾರು ಬರ್ತಾರ ಹೇಳು?"

"ನಾಳಿಗೆ ಅಕ್ಕ ಇರ್ತಾಳರಿ ಗಾಡ್ಯಾಗ," ಎಂದಷ್ಟೇ ಹೇಳಿದೆ.

ಅವರು ಎದ್ದು ಕೈ ಒರೆಸಿಕೊಂಡರು. "ನಾಳಿ ನೀ ನಡಸು," ಎಂದವರೇ ಅಂಗಡಿಯ ಕಡೆ ಹೋಗಿಬಿಟ್ಟರು.

ನನ್ನ ಹತ್ತಿರ ಲೈಸೆನ್ಸ್ ಇತ್ತು. ಗಂಡುಮಕ್ಕಳಿಲ್ಲದ ಮನೆ, ಒಬ್ಬರಿಗಾದರೂ ಬರಲಿ ಎಂದು ಅಪ್ಪನೇ ಕಲಿಸಿದ್ದರು. ಆದರೆ ನಾನು ನಡೆಸಿದ್ದು ಖಾಲಿ ಮೈದಾನದಲ್ಲಿ, ಭಾನುವಾರ ಬೆಳಿಗ್ಗೆ ಜನವಿಲ್ಲದ ರಸ್ತೆಯಲ್ಲಿ. ಅಕ್ಕಲಕೋಟೆಯ ರಸ್ತೆ ಆಗ ಒಂದೇ ಗಾಡಿ ಹೋಗುವಷ್ಟು ಅಗಲ. ಎದುರಿಗೆ ಬಸ್ಸು ಬಂದರೆ ಒಂದು ಗಾಲಿಯನ್ನು ಡಾಂಬರಿನಿಂದ ಮಣ್ಣಿಗಿಳಿಸಿ ಜಾಗ ಕೊಡಬೇಕು. ಇಷ್ಟು ದಿನ ಅಪ್ಪನ ಬಗ್ಗೆ ಇದ್ದ ಹೆದರಿಕೆ ಈಗ ನನ್ನ ಬಗ್ಗೆಯೇ ಆಯಿತು.

ಗುರುವಾರ ಬೆಳಿಗ್ಗೆ ನಾನು ಸ್ಟೀರಿಂಗ್ ಹಿಂದೆ, ಪಕ್ಕದಲ್ಲಿ ಅಪ್ಪ, ಹಿಂದೆ ಅವ್ವ. ಎದುರಿನಿಂದ ಬಂದ ಮೊದಲ ಬಸ್ಸಿಗೆ ಎಷ್ಟು ಬೇಗ ಮಣ್ಣಿಗಿಳಿದೆನೆಂದರೆ ಅಪ್ಪ, "ಅಷ್ಟ್ಯಾಕ ಅವಸರ? ಅದು ಇನ್ನೂ ದೂರ ಐತಿ," ಎಂದರು. ಕಣ್ಣಿಗೆ ಕಂಡು ಹೇಳಿದರೋ, ಶಬ್ದ ಕೇಳಿ ಹೇಳಿದರೋ ಗೊತ್ತಾಗಲಿಲ್ಲ. ಅಕ್ಕಲಕೋಟೆ ಮುಟ್ಟುವಾಗ ನನ್ನ ಕುತ್ತಿಗೆ ಮರಗಟ್ಟಿತ್ತು.

ಅಕ್ಕನ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಾನು ಚಾಲಕನ ಕಡೆಯಿಂದ ಇಳಿದದ್ದನ್ನು ನೋಡಿ ಅವರ ಮುಖ ಬದಲಾಯಿತು. ಚಹಾ ಆಯಿತು, ಉಡಿ ತುಂಬುವುದು ಆಯಿತು. ಹೊರಡುವಾಗ ಅವರು ಅಕ್ಕನ ಕೈ ಹಿಡಿದುಕೊಂಡೇ ನಿಂತರು.

"ಬೀಗರ, ತಪ್ಪ ತಿಳ್ಕೋಬ್ಯಾಡ್ರಿ. ನೀವು ನಡಸ್ತೀರಂತ ಹ್ಞೂಂ ಅಂದಿದ್ದೆ. ಈ ಹುಡುಗಿ ಕೈಯಾಗ ಗಾಡಿ ಕೊಟ್ಟು ಸೊಸೀನ ಹ್ಯಾಂಗ ಕಳಸ್ಲಿ? ನೀವ ನಡಸೂದಿದ್ರ ಕರಕೊಂಡ ಹೋಗ್ರಿ."

ಅಂಗಳದಲ್ಲಿ ಬೀಗರ ಮನೆಯವರೆಲ್ಲ ಇದ್ದರು. ಭಾವ ನೆಲ ನೋಡುತ್ತಿದ್ದರು. ಅವ್ವ ನನ್ನ ತೋಳು ಹಿಡಿದಳು. ಅಪ್ಪ ಸ್ವಾಭಿಮಾನಿ. 'ಆಯಿತು, ನಾನೇ ನಡೆಸುತ್ತೇನೆ' ಎಂಬ ಒಂದು ಮಾತು ಅವರ ಬಾಯಿಂದ ಬಂದುಬಿಟ್ಟರೆ ನಾನೇನು ಮಾಡಬೇಕು? ಎಲ್ಲರೆದುರು ಬೇಡ ಎನ್ನಬೇಕೇ?

"ನನಗ ಕಣ್ಣು ಕಾಣೂದಿಲ್ರಿ," ಎಂದರು ಅಪ್ಪ. ದನಿ ಎತ್ತರವೂ ಇರಲಿಲ್ಲ, ತಗ್ಗೂ ಇರಲಿಲ್ಲ. "ಮೋತಿಬಿಂದು ಆಗೈತಿ. ನಾ ನಡಸಿದ್ರ ನಿಮ್ಮ ಸೊಸೀಗೂ ಘಾತ, ನನ್ನ ಮಗಳಿಗೂ ಘಾತ. ಈಕಿಗೆ ಕಾಣ್ತೈತಿ, ಅದಕ್ಕ ಈಕಿ ನಡಸ್ತಾಳ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕನ ಅತ್ತೆ ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾದ್ರ ನಾನೂ ಬರ್ತೀನಿ," ಎಂದು ಒಳಗೆ ಹೋಗಿ ಒಂದು ಸೀರೆ ಗಂಟು ಕಟ್ಟಿಕೊಂಡು ಬಂದರು. ಹಿಂದಿನ ಸೀಟಿನಲ್ಲಿ ಅಕ್ಕನನ್ನು ನಡುವೆ ಕೂರಿಸಿಕೊಂಡು, ಅವಳ ಕೈ ಹಿಡಿದು, ಕಣ್ಣು ಮುಚ್ಚಿ ಕೂತುಬಿಟ್ಟರು.

ಊರು ದಾಟಿ ಸ್ವಲ್ಪ ದೂರ ಬಂದಿರಬಹುದು. ಇಂಜಿನ್ ಮುಗ್ಗರಿಸಲು ಶುರುವಾಯಿತು. ಹಿಂದೆ ಕಪ್ಪು ಹೊಗೆ. ಒಂದೆರಡು ಸಲ ಜಗ್ಗಿ ಕಾರು ನಿಂತೇಹೋಯಿತು. ಎರಡೂ ಕಡೆ ಬಯಲು ಹೊಲ, ನೆತ್ತಿಯ ಮೇಲೆ ಬಿಸಿಲು, ಒಂದು ಗಿಡದ ನೆರಳೂ ಇಲ್ಲ. "ಏನಾತು? ಏನಾತು?" ಎಂದು ಅಕ್ಕನ ಅತ್ತೆ ಕಣ್ಣು ತೆರೆದರು. ಅಕ್ಕನ ಹಣೆಯ ಮೇಲೆ ಬೆವರು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ನಾನು ಮತ್ತೆ ಮತ್ತೆ ಚಾಲೂ ಮಾಡಲು ನೋಡಿದೆ.

"ಬಿಡು, ಬಿಡು. ಬ್ಯಾಟರಿ ಕಳೀಬ್ಯಾಡ," ಎಂದು ಅಪ್ಪ ಇಳಿದರು. "ಪೆಟ್ರೋಲ್ ವಾಸನಿ ಬರಾಕತ್ತೈತಿ. ಚೋಕ್ ಒಳಗ ಒತ್ತೀಯೇನು?"

"ಒತ್ತೀನಿರಿ."

"ಗುಂಡಿ ಒಳಗ ಹೋಗೈತಿ, ಅಲ್ಲಿ ಚೋಕ್ ಹಿಂದ ಸರದಿಲ್ಲ." ಅವರು ಬಾನೆಟ್ ಎತ್ತಿ, ಬಗ್ಗಿ, ಒಳಗೆ ಕೈ ಹಾಕಿದರು. ಮುಖ ಬೇರೆ ಕಡೆ ತಿರುಗಿತ್ತು, ಹೊಲದ ಕಡೆಗೆ. ಬೆರಳುಗಳಷ್ಟೇ ಹುಡುಕುತ್ತಿದ್ದವು. ಬಿಸಿ ಕಬ್ಬಿಣ ತಾಗಿ ಒಮ್ಮೆ ಕೈ ಹಿಂದಕ್ಕೆಳೆದುಕೊಂಡು ಮತ್ತೆ ಹಾಕಿದರು. "ಹ್ಞಾಂ. ಸ್ಕ್ರೂ ಢಿಲ್ಲಾ ಆಗಿ ತಂತಿ ಜಾರೈತಿ. ಸಣ್ಣ ಪಾನಾ ಕೊಡು." ನಾನು ಸ್ಪ್ಯಾನರ್ ಕೊಟ್ಟೆ. ಅವರು ತಂತಿಯ ತುದಿಯನ್ನು ತೂತಿಗೆ ತೂರಿಸಿ, ನನ್ನಿಂದ ಗುಂಡಿ ಎಳೆಸಿ ಒತ್ತಿಸಿ, ತಿರುಪು ಬಿಗಿದರು. ಹೊಸ ಕೇಬಲ್ ಕೂಡಿಸಿದಾಗ ಆ ತಿರುಪು ಬಿಗಿದವರು ನಾನೋ ಅವರೋ ನನಗೆ ನೆನಪಿರಲಿಲ್ಲ. ಅವರೂ ಕೇಳಲಿಲ್ಲ. ಒಳಗೆ ತುಂಬಿದ ಪೆಟ್ರೋಲ್ ಆರಲಿ ಎಂದು ಕಾದೆವು. ಅವ್ವ ಸೆರಗಿನಿಂದ ಅಕ್ಕನಿಗೆ ಗಾಳಿ ಹಾಕುತ್ತಿದ್ದಳು. ಆ ಕಾಯುವಿಕೆಯಷ್ಟು ಉದ್ದದ್ದು ಇನ್ನೊಂದು ನನಗೆ ನೆನಪಿಲ್ಲ. ಆಮೇಲೆ ಅಪ್ಪ, "ಈಗ ಮಾಡು," ಎಂದರು. ಇಂಜಿನ್ ಕೆಮ್ಮಿ, ತಡವರಿಸಿ, ಹಿಡಿಯಿತು.

ಮನೆ ಮುಟ್ಟಿ ಕಾರಿನಿಂದ ಇಳಿದಾಗ ಅಕ್ಕನ ಅತ್ತೆ ನನ್ನ ಗಲ್ಲ ಸವರಿ ಒಳಗೆ ಹೋದರು. ಮರುದಿನ ಅವರು ಬಸ್ಸಿನಲ್ಲೇ ಅಕ್ಕಲಕೋಟೆಗೆ ಮರಳಿದರು.

ಅಕ್ಕನಿಗೆ ಹೆಣ್ಣುಮಗು ಆಯಿತು, ಸುಖವಾಗಿ. ಚಳಿ ಶುರುವಾದ ಮೇಲೆ ಅಪ್ಪ ಒಂದು ಕಣ್ಣಿನ ಆಪರೇಶನ್ನಿಗೆ ಡಾಕ್ಟರ ಹತ್ತಿರ ಹೋದರು. ಹೋಗುವ ದಿನದವರೆಗೂ ಬೇಡ ಎನ್ನುತ್ತಲೇ ಇದ್ದರು. ಆ ಕಾಲದಲ್ಲಿ ಆಪರೇಶನ್ ಆದ ಮೇಲೆ ತಲೆ ಅಲುಗಿಸದೆ ಮಲಗಿರಬೇಕಿತ್ತು, ತಲೆಯ ಎರಡೂ ಕಡೆ ಮರಳಿನ ಚೀಲ. ಕೆಮ್ಮಬಾರದು, ನಗಬಾರದು. ಪಕ್ಕದ ಹಾಸಿಗೆಯವರು ಸೀನಿದರೂ ಅವ್ವ ಬೆಚ್ಚಿಬೀಳುತ್ತಿದ್ದಳು. ನಾನು ಅಂಗಡಿಯಲ್ಲಿ ಕೂತು, ಗಿರಾಕಿ ಹೇಳಿದ್ದು ಕೇಳಿಸದೆ, ಅಪ್ಪನ ಸೋದರತ್ತೆ ಗೋಡೆ ಹಿಡಿದು ನಡೆಯುವುದನ್ನೇ ಕಣ್ಮುಂದೆ ಕಾಣುತ್ತಿದ್ದೆ. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಎಲ್ಲ ಸರಿಯಾಗಿದೆ ಎಂದರು. ಇನ್ನೊಂದು ಕಣ್ಣು ಮುಂದಿನ ವರ್ಷ ಆಯಿತು. ದಪ್ಪ ಗಾಜಿನ ಕನ್ನಡಕ ಬಂತು. ಅದರಲ್ಲಿ ಎದುರಿನದು ಚೆನ್ನಾಗಿ ಕಾಣುತ್ತದೆ, ಬದಿಯದು ಕಾಣುವುದಿಲ್ಲ, ಗಾಡಿ ನಡೆಸಬೇಡಿ ಎಂದರು ಡಾಕ್ಟರು. ಅಪ್ಪ ವಾದಿಸಲಿಲ್ಲ.

ಸಂಜೆ ಅವರು ನಡೆದುಕೊಂಡು ಪೇಟೆಗೆ ಹೋಗತೊಡಗಿದರು. ಕಣ್ಣು ಮಂಜಾಗಿದ್ದ ಎರಡು ವರ್ಷ, ಎದುರಿಗೆ ಬಂದರೂ ಮಾತಾಡಿಸದೆ ಹೋಗುತ್ತಾರೆ, ಸೊಕ್ಕು ಬಂದಿದೆ ಎಂದು ಓಣಿಯಲ್ಲಿ ಕೆಲವರು ಆಡಿಕೊಂಡಿದ್ದು ಅವರ ಕಿವಿಗೆ ಆಮೇಲೆ ಬಿದ್ದಿತ್ತು. ಈಗ ಅವರು ಎದುರಾದವರನ್ನೆಲ್ಲ ನಿಲ್ಲಿಸಿ, ಹೆಸರು ಹಿಡಿದು ಕರೆದು, ಮನೆಮಂದಿಯನ್ನೆಲ್ಲ ವಿಚಾರಿಸುತ್ತಿದ್ದರು. ಬೀಡಿ ಅಂಗಡಿಯವನನ್ನೂ ಬಿಡುತ್ತಿರಲಿಲ್ಲ. ಕೊತ್ತಂಬರಿ ತರಲು ಹೋದವರು ದೀಪ ಹಚ್ಚುವ ಹೊತ್ತಾದರೂ ಮರಳುತ್ತಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು, ಓಣಿಯ ತುದಿಯವರೆಗೆ ನೋಡಿ, ಸಾರು ಕೊತ್ತಂಬರಿ ಇಲ್ಲದೆಯೇ ಕುದಿಯಲಿ ಎಂದು ಬೈದುಕೊಳ್ಳುತ್ತ ಒಳಗೆ ಹೋಗುತ್ತಿದ್ದಳು.